ಸುವರ್ಣಮ್ಮನ ಗಂಟಲಿಗೆ ವಿಶ್ರಾಂತಿ

ಕಂಪ್ಲಿಯ ಸುವರ್ಣಮ್ಮ ಮೂವತ್ತು ವರ್ಷಗಳಿಂದ ಹಾಡುತ್ತಿದ್ದಾಳೆ. ಆದರೆ ಒಂದು ಹಾಡನ್ನೂ ಶುರು ಮಾಡಿದವಳಲ್ಲ. ಅವಳಿದ್ದದ್ದು ಮಠದ ಹಿಂದಿನ ಸಭಾಂಗಣದಲ್ಲಿ ಸೋಮವಾರ ಸೇರುವ ಮಹಿಳಾ ಭಜನಾ ಮಂಡಳಿಯ ಹಿಮ್ಮೇಳದಲ್ಲಿ. ಭಜನೆ ಕೇಳದವರಿಗಾಗಿ ಹೇಳುತ್ತೇನೆ: ಮುಂದೆ ಕುಳಿತ ಒಬ್ಬಾಕೆ ಒಂದು ಸಾಲು ಹಾಡಿ ನಿಲ್ಲಿಸುತ್ತಾಳೆ, ಉಳಿದವರೆಲ್ಲ ಅದೇ ಸಾಲನ್ನು ಎತ್ತಿಕೊಂಡು ಹಾಡುತ್ತಾರೆ. ಮತ್ತೆ ಆಕೆಯ ಮುಂದಿನ ಸಾಲು, ಮತ್ತೆ ಇವರ ಉತ್ತರ. ಮೊದಲು ಹಾಡುವವಳು ಮುಮ್ಮೇಳ. ಅವಳಿಗೆ ಕುಳಿತುಕೊಳ್ಳಲು ಮಣೆ, ಕೊರಳಿಗೆ ಹಾರ, ಪ್ರಸಾದದಲ್ಲಿ ಮೊದಲ ಬೊಗಸೆ. ಹಿಮ್ಮೇಳಕ್ಕೆ ಚಾಪೆ, ಅದೂ ಮೊದಲು ಬಂದವರಿಗೆ.

ಆ ಮಣೆಯ ಮೇಲೆ ಬಹುಕಾಲ ಹಂಪಮ್ಮ ಎಂಬ ಹಿರಿಯಾಕೆ ಕುಳಿತಿದ್ದಳು. ಕಳೆದ ವರ್ಷ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಮೇಲೆ ಅವಳ ಪ್ರತಿ ಸಾಲಿಗೂ ಒಂದು ಸೀಟಿ ಸೇರಿಕೊಂಡಿತು. ಶಿವನನ್ನು ಹಾಡುವವರು ಶಿವ ಎನ್ನದೆ ಇರಲಾಗುವುದಿಲ್ಲ. ಆಕೆ ಅಂದಾಗಲೆಲ್ಲ ಚಾಪೆಯ ಮೇಲಿನ ಹೊಸ ಸೊಸೆಯಂದಿರು ಸೆರಗು ಬಾಯಿಗೆ ಅಡ್ಡ ಹಿಡಿದರು. ಆಷಾಢದ ಆರಂಭದಲ್ಲಿ ಹಂಪಮ್ಮ, ಮೊಣಕಾಲು ನೋವಿನ ನೆಪ ಹೇಳಿ, ಮಣೆಯಿಂದ ಎದ್ದು ಗೋಡೆ ಪಕ್ಕದ ಕುರ್ಚಿಗೆ ಹೋದಳು.

ಖಾಲಿಯಾದ ಜಾಗ ಎಲ್ಲಿದ್ದರೂ ಅಲ್ಲೊಬ್ಬ ಮುರುಗೇಶ್ ಹುಟ್ಟಿಕೊಳ್ಳುತ್ತಾನೆ. ಈ ಮುರುಗೇಶ್ ಶಾಮಿಯಾನ ಮತ್ತು ಧ್ವನಿವರ್ಧಕದ ಅಂಗಡಿ ಇಟ್ಟವನು, ಸಭಾಂಗಣ ಸಮಿತಿಯ ಕಾರ್ಯದರ್ಶಿ. ತಾನೊಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ದಾನ ಕೊಡುವುದಾಗಿಯೂ, ಮೊಬೈಲಿನಲ್ಲಿ ತುಂಬಿಸಿದ ಹಾಡಿನ ಮೊದಲ ಸಾಲನ್ನು ಪೆಟ್ಟಿಗೆಯೇ ಹೇಳುವುದಾಗಿಯೂ, ತಾಯಂದಿರು ಉತ್ತರ ಕೊಟ್ಟರೆ ಸಾಕೆಂದೂ ಸೂಚಿಸಿದ. ಪೆಟ್ಟಿಗೆಯ ಮೇಲೆ ದಾನಿಯ ಹೆಸರು ಬರೆಸಲಾಗುವುದು ಎಂಬುದನ್ನು ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲದ ವಿಷಯವೆಂಬಂತೆ, ಸೇರಿಸಿದ. ಹೆಂಗಸರಿಗೆ ಇದು ಹಿಡಿಸಲಿಲ್ಲ. ಹಾಗಾದರೆ ಹೇಳುವವರು ಯಾರು ಎಂದು ಅವನು ಕೇಳಿದಾಗ, ಹಿಂದಿನ ಸಾಲಿನಿಂದ ಸುವರ್ಣಮ್ಮ, "ನಾ ಹೇಳ್ತೀನಿ" ಅಂದಳು. ಅವಳು ಯಾವತ್ತೂ ಯಾರೂ ಹೇಳಿಕೊಡದೆ ಮಾತಾಡಿದ್ದನ್ನು ಕಂಡಿರದ ಸಭೆ ಬೆರಗಾಗಿ ಸುಮ್ಮನಾಯಿತು. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ನಮ್ಮ ಸಮಿತಿಗಳ ಪದ್ಧತಿ. ಶ್ರಾವಣದ ಮೊದಲ ಸೋಮವಾರ ಸುಸೂತ್ರವಾಗಿ ನಡೆದರೆ ಮಣೆ ಸುವರ್ಣಮ್ಮನದು, ಇಲ್ಲವಾದರೆ ಪೆಟ್ಟಿಗೆ ಎಂದು ತೀರ್ಮಾನವಾಯಿತು.

ಅವಳನ್ನು ನಾನು ಬಳ್ಳಾರಿಯ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಲ್ಲೆ. ಒಂದೇ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಸುವರ್ಣಮ್ಮ ಓದನ್ನು ಅರ್ಧಕ್ಕೆ ಬಿಟ್ಟು ಕಂಪ್ಲಿಯ ಅಕ್ಕಿ ಗಿರಣಿಯ ಚನ್ನಯ್ಯನನ್ನು ಮದುವೆಯಾದಳು. ಶೈಲಶ್ರೀ ಬ್ಯಾಂಕು ಸೇರಿ ಹೊಸಪೇಟೆಯಲ್ಲಿ ನಿವೃತ್ತಳಾದಳು. ಭಾಗ್ಯ ಸಂಡೂರಿನ ಒಂದು ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿ ಮೂರು ತಲೆಮಾರಿನ ಗಣಿ ಕೆಲಸಗಾರರನ್ನು ಹೆದರಿಸಿದಳು. ನಾನು ಹೊಸಪೇಟೆಯಲ್ಲಿ ರಸಾಯನಶಾಸ್ತ್ರ ಕಲಿಸಿ ಪ್ರಾಂಶುಪಾಲೆಯಾಗಿ ಮನೆಗೆ ಬಂದೆ. ಹಾಸ್ಟೆಲಿನಲ್ಲೂ ಸುವರ್ಣಮ್ಮ ಹಾಗೆಯೇ ಇದ್ದಳು. ಊಟದ ಸಾರು ಚೆನ್ನಾಗಿಲ್ಲವೆಂದು ಯಾರಾದರೂ ಅಂದರೆ, ಅದನ್ನೇ ಎಲ್ಲರಿಗಿಂತ ಗಟ್ಟಿಯಾಗಿ ಅನ್ನುವವಳು ಅವಳು. ಬೈಸಿಕೊಂಡವಳೂ ಅವಳೇ.

ಈಗ ಅವಳು ಮೊದಲ ಸಾಲು ಹಾಡಬೇಕಿತ್ತು. ಅಡುಗೆಮನೆಯಲ್ಲಿ ನಿಂತು ಬಾಯಿ ತೆರೆದಳಂತೆ, ಏನೂ ಹೊರಡಲಿಲ್ಲ. ನನಗೆ ಫೋನ್ ಮಾಡಿ, "ಯಾರರ ಅಂದ್ರ ಅಂತೀನಿ. ಯಾರೂ ಅನ್ಲಿಲ್ಲಂದ್ರ ದನೀನ ಹೊಂಡಂಗಿಲ್ಲ," ಎಂದಳು. ಮನೆಯಲ್ಲಿ ಅಭ್ಯಾಸಕ್ಕೂ ಅವಕಾಶವಿರಲಿಲ್ಲ. ಸೊಸೆ ಪೂಜಿತಾ ನಡುಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೇರಪ್ರಸಾರ ಮಾಡಿ ಸೀರೆ ಮಾರುತ್ತಾಳೆ, ಹಿನ್ನೆಲೆಯಲ್ಲಿ ಅತ್ತೆಯ ಶಿವಸ್ತುತಿ ಕೇಳಿದರೆ ಗಿರಾಕಿಗಳು ಸೀರೆಯ ಬದಲು ಸಾವಿನ ಸುದ್ದಿ ವಿಚಾರಿಸುತ್ತಾರೆ. ಹೀಗಾಗಿ ಸುವರ್ಣಮ್ಮ ಗಿರಣಿಗೆ ಹೋದಳು. ಅಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಭತ್ತ ಸುಲಿಯುವ ಯಂತ್ರ ಒಂದು ಸುತ್ತು ಗರಗರ ಎಂದು ಏರಿ ಇಳಿದಾಗ, ಅದೇ ಮುಮ್ಮೇಳವೆಂದು ತಿಳಿದು ಅವಳು ಹಾಡನ್ನು ಎತ್ತಿಕೊಂಡಳು. ದನಿ ಬಂತು. ಎರಡು ವಾರ ಅವಳು ಯಂತ್ರದೊಂದಿಗೆ ಭಜನೆ ಮಾಡಿದಳು. ಯಂತ್ರಕ್ಕೆ ಏನೂ ಆಗಲಿಲ್ಲ. ಇವಳ ಗಂಟಲು ಬಾತುಕೊಂಡಿತು. ಇಷ್ಟಾದರೂ ಚನ್ನಯ್ಯ ಅಡ್ಡಿಪಡಿಸಲಿಲ್ಲ. ಗಿರಣಿಯ ಸದ್ದಿಗೆ ಕಿವಿ ಕೊಟ್ಟು ಕೊಟ್ಟು ಅವನಿಗೆ ಕಿವಿ ಎಂಬುದು ಕನ್ನಡಕದ ಕಡ್ಡಿ ಇಡುವ ಜಾಗವಾಗಿ ಎಷ್ಟೋ ಕಾಲವಾಗಿತ್ತು.

ಹೊಸಪೇಟೆಯ ಗಂಟಲಿನ ವೈದ್ಯರು ಔಷಧಿ ಬರೆದು, ಸೋಮವಾರದವರೆಗೆ ಒಂದು ಮಾತೂ ಆಡಕೂಡದು, ಆಡದಿದ್ದರೆ ಹಾಡಬಹುದು, ಆಡಿದರೆ ಹೇಳಲಾಗದು ಎಂದರು. ಅವತ್ತು ಶುಕ್ರವಾರ.

ಶೈಲಶ್ರೀಗೆ ಇಂಥ ಸಂದರ್ಭಗಳೆಂದರೆ ಪ್ರಾಣ. ಮನೆಯಲ್ಲಿದ್ದರೆ ಕಿವುಡ ಗಂಡನಿಗೆ ಕೂಗಿ ಹೇಳಬೇಕು, ಸೊಸೆಗೆ ಪಿಸುಗುಟ್ಟಿ ಹೇಳಬೇಕು, ಆದ್ದರಿಂದ ಇವಳನ್ನು ಎರಡು ದಿನ ಊರಿನಿಂದ ಆಚೆ ಒಯ್ಯಬೇಕು ಎಂದು ಅವಳು ವಾದಿಸಿದಳು. ವಾದ ಸರಿಯಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ವಿಶ್ರಾಂತಿಯನ್ನು ಒಂದು ಇಲಾಖೆಯಂತೆ ನಡೆಸುವ ಜನರಿದ್ದಾರೆ. ಶೈಲಶ್ರೀ ಸಂಜೆಯೊಳಗೆ ಎಲ್ಲ ಗೊತ್ತುಮಾಡಿದ್ದಳು: ಶನಿವಾರ ಬೆಳಿಗ್ಗೆ ಸಂಡೂರಿನ ಗುಡ್ಡ, ಮಧ್ಯಾಹ್ನ ಬುಕ್ಕಸಾಗರದ ಹತ್ತಿರ ಒಂದು ರೆಸಾರ್ಟು, ತೆಪ್ಪದಲ್ಲಿ ವಿಹಾರ, ಸಂಜೆ ಲೈವ್ ಮ್ಯೂಸಿಕ್, ಭಾನುವಾರ ಹಂಪಿ. ಗಂಟಲು ಕೆಟ್ಟವಳನ್ನು ಸಂಗೀತ ಕಛೇರಿಗೆ ಒಯ್ಯುವುದು ಹೊಟ್ಟೆ ಕೆಟ್ಟವಳನ್ನು ಮದುವೆ ಊಟಕ್ಕೆ ಒಯ್ದಂತೆ ಎಂದು ನಾನು ಹೇಳಿದೆ. ಕೇಳುವುದಕ್ಕೆ ಗಂಟಲು ಬೇಕಾಗಿಲ್ಲ ಎಂದು ಶೈಲಶ್ರೀ ಉತ್ತರ ಕೊಟ್ಟಳು. ಅದೂ ಸರಿಯಾಗಿಯೇ ಇತ್ತು. ಅವಳ ಮಾತುಗಳು ಬಿಡಿಬಿಡಿಯಾಗಿ ಯಾವತ್ತೂ ಸರಿ.

ಶನಿವಾರ ಬೆಳಿಗ್ಗೆ ಸುವರ್ಣಮ್ಮ ಶೈಲಶ್ರೀಯ ಕಾರಿನಲ್ಲಿ ಬಂದು ಕುಳಿತಾಗ ಕೈಯಲ್ಲಿ ಭಜನೆಯ ತಾಳ ಇತ್ತು. ಮೌನದಲ್ಲಿ ವ್ಯವಹಾರ ನಡೆಸಲು ಅವಳು ಮಾಡಿಕೊಂಡ ಏರ್ಪಾಡು ಅದು. ಒಂದು ಸಲ ಟಿಣ್ ಎಂದರೆ ಹೌದು, ಎರಡು ಸಲ ಅಂದರೆ ಅಲ್ಲ. ಸಂಡೂರು ಮುಟ್ಟುವ ಹೊತ್ತಿಗೆ ಈ ಭಾಷೆ ಬೆಳೆದು, ಕಿಟಕಿ ಇಳಿಸು, ಹಿಂದಿನ ಲಾರಿಗೆ ದಾರಿ ಬಿಡು, ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ ಎಂಬುದೆಲ್ಲ ಅದರಲ್ಲಿ ಬಂತು. ಬಾಯಿಯಿದ್ದಾಗ ಅವಳು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಮಳೆ ಬಿದ್ದ ಸಂಡೂರು ಗುಡ್ಡ ಹಸಿರಾಗಿತ್ತು. ಅಗೆದ ಕಡೆ ಮಾತ್ರ ತೆರೆದ ಗಾಯದ ಹಾಗೆ ಕೆಂಪು. ಅದಿರು ಲಾರಿಗಳ ಸಾಲಿನ ಹಿಂದೆ ಕಾರು ನಿಂತಾಗ ಶೈಲಶ್ರೀ ನಮಗೆಲ್ಲ ದೀರ್ಘವಾಗಿ ಉಸಿರೆಳೆದುಕೊಳ್ಳಲು ಹೇಳಿದಳು, ಗುಡ್ಡದ ಗಾಳಿ ಗಂಟಲಿಗೆ ಒಳ್ಳೆಯದಂತೆ. ಎಳೆದುಕೊಂಡೆವು. ಆಮೇಲೆ ಮೂವರೂ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಕರ್ನಾಟಕದ ಖನಿಜ ಸಂಪತ್ತನ್ನು ನೋಡಿದೆವು.

ಭಾಗ್ಯಳ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕಾದಿದ್ದವು. ಮೂರು ತಟ್ಟೆ ಮಾತ್ರ. ಸುವರ್ಣಮ್ಮನ ಮುಂದೆ ಒಂದು ಲೋಟ ಬಿಸಿನೀರು ಬಂತು. ಟಿಣ್ ಟಿಣ್. ಭಾಗ್ಯ ಗಮನಿಸಲಿಲ್ಲ. ಟಿಣ್ ಟಿಣ್, ಟಿಣ್ ಟಿಣ್.

"ಲೇ ಸುವರ್ಣಿ, ತಾಳ ಕಸ್ಕೊಂತೀನಿ ನೋಡು," ಎಂದಳು ಭಾಗ್ಯ. "ನಿನಗ ಮಿರ್ಚಿ ಬೇಕೋ, ಮಣಿ ಬೇಕೋ?"

ಸ್ವಲ್ಪ ಯೋಚಿಸಿ ಸುವರ್ಣಮ್ಮ ಬಿಸಿನೀರು ಕುಡಿದಳು. ಅವಳಿಗೆ ಆ ಮಣೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಅಲ್ಲಿ ತಿಳಿಯಿತು. ಕಂಪ್ಲಿಯವಳೊಬ್ಬಳು ಕಣ್ಣೆದುರಿನ ಮಿರ್ಚಿಯನ್ನು ಬಿಡುವುದು ಸಣ್ಣ ವಿಷಯವಲ್ಲ.

ಆಮೇಲೆ ನಾರಿಹಳ್ಳದ ಜಲಾಶಯದ ದಂಡೆಗೆ ಹೋದೆವು. ಅಲ್ಲಿ ನಿಜಕ್ಕೂ ಶಾಂತವಾಗಿತ್ತು. ಅದನ್ನು ಸಹಿಸದ ಶೈಲಶ್ರೀ ತನ್ನ ಮೊಬೈಲಿನಲ್ಲಿ ಮನಶ್ಶಾಂತಿಯ ಕೊಳಲು ವಾದನ ಹಾಕಿದಳು. ಕೊಳಲಿನವನು ಒಂದು ಆಲಾಪ ನುಡಿಸಿ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಸುವರ್ಣಮ್ಮನ ಕೊರಳ ನರ ಮೇಲೆದ್ದು ಇಳಿಯುತ್ತಿತ್ತು. ಭಾಗ್ಯ ಅದನ್ನು ನೋಡಿ, ನಾಡಿ ಹಿಡಿಯುವವಳಂತೆ ಎರಡು ಬೆರಳು ಅವಳ ಗಂಟಲಿನ ಮೇಲಿಟ್ಟಳು.

"ಶೈಲೂ, ಅದನ್ನ ಬಂದ್ ಮಾಡು. ಈಕಿ ಒಳಗೊಳಗ ಉತ್ತರ ಕೊಡಾಕತ್ಯಾಳ," ಎಂದಳು.

ಅಷ್ಟು ಸ್ಪಷ್ಟವಾದ ಎಚ್ಚರಿಕೆ ಸಿಕ್ಕಿತ್ತು. ನಾಲ್ವರಲ್ಲಿ ಮೂವರು ಪದವೀಧರರು. ಆದರೂ ನಾವು ಕಾರು ಹತ್ತಿ ಸಂಗೀತ ಕೇಳಲು ಬುಕ್ಕಸಾಗರಕ್ಕೆ ಹೊರಟೆವು.

ರೆಸಾರ್ಟು ಗದ್ದೆಗಳ ನಡುವೆ ಇತ್ತು. ಹೊರಗಿನಿಂದ ಹುಲ್ಲಿನ ಗುಡಿಸಲು, ಒಳಗಿನಿಂದ ಆಸ್ಪತ್ರೆಯ ವಿಶೇಷ ವಾರ್ಡು. ಸುತ್ತ ನಾಟಿ ಮಾಡುತ್ತಿದ್ದವರು ಇದನ್ನು ನೋಡುತ್ತಿದ್ದರು, ಒಳಗಿದ್ದವರು ಅವರ ಫೋಟೋ ತೆಗೆಯುತ್ತಿದ್ದರು. ಹೀಗೆ ಎರಡೂ ಕಡೆಯವರಿಗೆ ಮನರಂಜನೆ. ಮಧ್ಯಾಹ್ನ ಯಾವುದೋ ಇಂಗ್ಲಿಷ್ ಹೆಸರಿಟ್ಟು ಬಡಿಸಿದ ಅನ್ನದ ಅಗುಳನ್ನು ಸುವರ್ಣಮ್ಮ ಬೆರಳಲ್ಲಿ ಹಿಡಿದು ನೋಡಿ, ಒಮ್ಮೆ ಟಿಣ್ ಎನ್ನಿಸಿ ತನ್ನ ಎದೆ ಮುಟ್ಟಿಕೊಂಡಳು. ಅಕ್ಕಿ ಅವಳ ಗಿರಣಿಯದೇ ಆಗಿತ್ತು. ಮನೆ ಬಿಟ್ಟು ಮನೆಯ ಅಕ್ಕಿ ಉಣ್ಣಲು ನಾವು ಸಂಡೂರು ಸುತ್ತಿ ಬಂದಿದ್ದೆವು. ತೆಪ್ಪದ ವಿಹಾರ ನಡೆಯಲಿಲ್ಲ. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಹೊಳೆ ದಂಡೆ ಮೀರಿ ಹರಿಯುತ್ತಿತ್ತು. ರೆಸಾರ್ಟಿನವರು ಬೇಸರ ಪಡಬೇಡಿ ಎಂದು, ಸಂಜೆಯ ಸಂಗೀತಕ್ಕೆ ವೇದಿಕೆಯ ಮುಂದಿನ ಮೇಜನ್ನೇ ನಮಗೆ ಕೊಟ್ಟರು. ದೇವರು ಒಂದು ಬಾಗಿಲು ಮುಚ್ಚಿದಾಗ ಮ್ಯಾನೇಜರು ಇನ್ನೊಂದನ್ನು ತೆರೆಯುತ್ತಾನೆ.

ಲೈವ್ ಮ್ಯೂಸಿಕ್ ಎಂದರೆ ಇಬ್ಬರು. ಹೊಸಪೇಟೆಯ ಹುಡುಗಿ ಪಲ್ಲವಿ ಹಾಡುವವಳು, ಮನೋಹರ್ ಎಂಬವನು ಗಿಟಾರಿನವನು. ಪಲ್ಲವಿಯ ಗಂಟಲು ಚೆನ್ನಾಗಿತ್ತು. ಮನೋಹರನ ಕೂದಲು ಚೆನ್ನಾಗಿತ್ತು. ಹಳೆಯ ಸಿನಿಮಾ ಹಾಡುಗಳು ಬಂದವು, ಕೆಲವು ಹಿಂದಿಯವೂ ಬಂದವು. ಬೆಂಗಳೂರಿನಿಂದ ಬಂದ ಕುಟುಂಬಗಳು ತಮ್ಮ ತಮ್ಮ ಮೊಬೈಲು ನೋಡುತ್ತ ತಲೆದೂಗಿದವು. ಸುವರ್ಣಮ್ಮ ಕೈಕಟ್ಟಿ ಕಲ್ಲಿನಂತೆ ಕುಳಿತಿದ್ದಳು. ಸಿನಿಮಾ ಹಾಡು ಅವಳನ್ನು ಮುಟ್ಟುವುದಿಲ್ಲ, ಅದರಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಭಾಗ್ಯ ನಿರಾಳವಾಗಿ ಚಪ್ಪಲಿ ಬಿಟ್ಟು ಕಾಲು ಚಾಚಿದಳು.

ಆಗ ಪಲ್ಲವಿ ನಮ್ಮ ಮೇಜಿನ ನರೆಗೂದಲು ನೋಡಿ ಪ್ರೀತಿ ಉಕ್ಕಿಸಿಕೊಂಡು, ಶ್ರಾವಣ ಬಂದಿದೆ, ಅಮ್ಮಂದಿರಿಗಾಗಿ ಒಂದು ಶಿವನ ಪದವನ್ನು ಹೊಸ ರೀತಿಯಲ್ಲಿ ಹಾಡುತ್ತೇನೆ ಎಂದಳು. ಅದು ಕಂಪ್ಲಿಯಲ್ಲಿ ಪ್ರತಿ ಸೋಮವಾರ ಕೊನೆಗೆ ಹೇಳುವ ಪದ. ಹೊಸ ರೀತಿ ಏನೆಂದರೆ, ಪ್ರತಿ ಸಾಲಿನ ನಂತರ ಅವಳು ಸುಮ್ಮನಾಗುವುದು, ಆ ಜಾಗದಲ್ಲಿ ಮನೋಹರನು ಗಿಟಾರು ನುಡಿಸಿ ತನ್ನ ಪ್ರತಿಭೆ ತೋರಿಸುವುದು.

ಮೊದಲ ಸಾಲು ಮುಗಿಯಿತು. ಪಲ್ಲವಿ ನಿಲ್ಲಿಸಿದಳು. ಸುವರ್ಣಮ್ಮ ತಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಎರಡನೆಯ ಸಾಲು ಮುಗಿಯಿತು. ಭಾಗ್ಯ ಅವಳ ಮಣಿಕಟ್ಟು ಹಿಡಿದುಕೊಂಡಳು. ಮೂರನೆಯ ಸಾಲು ಮುಗಿದು ಮನೋಹರ ಕಣ್ಣು ಮುಚ್ಚಿ ತಂತಿಗೆ ಬೆರಳು ಇಡುವಷ್ಟರಲ್ಲಿ, ನನ್ನ ಪಕ್ಕದಿಂದ ಆ ಸಾಲು ಮತ್ತೆ ಎದ್ದಿತು.

ಆ ದನಿಯನ್ನು ವರ್ಣಿಸುವುದು ನನ್ನ ಕೆಲಸವಲ್ಲ. ಮೈಕಿಲ್ಲದ ಸಭಾಂಗಣದಲ್ಲಿ ಮೂವತ್ತು ವರ್ಷ ಹಿಂದಿನ ಸಾಲಿನಿಂದ ಮುಂದಿನ ಗೋಡೆಗೆ ತಲುಪಿದ ದನಿ, ಮೇಲಾಗಿ ಎರಡು ವಾರ ಗಿರಣಿಯ ಯಂತ್ರದೊಡನೆ ಗುದ್ದಾಡಿದ್ದು. ಬಾತುಕೊಂಡ ಗಂಟಲಿನಿಂದ ಅದು ಸ್ವಲ್ಪ ಒಡೆದು, ಇನ್ನಷ್ಟು ದಪ್ಪವಾಗಿ ಬಂತು. ಧ್ವನಿವರ್ಧಕ ತನ್ನ ಪಾಡಿಗೆ ತಾನು ಉಳಿಯಿತು. ಬೆಂಗಳೂರಿನವರು ಮೊಬೈಲಿನಿಂದ ತಲೆಯೆತ್ತಿದರು, ಆಮೇಲೆ ಮೊಬೈಲನ್ನೂ ಎತ್ತಿದರು.

ಪಲ್ಲವಿ ಜಾಣೆ. ಮುಂದಿನ ಸಾಲನ್ನು ನಮ್ಮ ಮೇಜಿನ ಕಡೆಗೇ ತಿರುಗಿ ಹಾಡಿದಳು. ಉತ್ತರ ಬಂತು. ಭಾಗ್ಯ ಹಲ್ಲು ಕಚ್ಚಿ, "ಸಾಕ್ ಮಾಡ್ಲೇ, ಸೋಮವಾರ ಐತಿ," ಎಂದು ಮೇಜಿನ ಕೆಳಗೆ ಕಾಲು ಒದ್ದಳು. ಒದೆತ ಶೈಲಶ್ರೀಗೆ ಬಿತ್ತು, ಅವಳು ಅದನ್ನು ತಾಳವೆಂದುಕೊಂಡು ತಾನೂ ಹಾಡತೊಡಗಿದಳು. ಪಕ್ಕದ ಮೇಜಿನವರೂ ಸೇರಿದರು. ಮನೋಹರ ಎರಡು ಸಲ ತನ್ನ ಜಾಗ ವಾಪಸು ಪಡೆಯಲು ನೋಡಿ, ಕೊನೆಗೆ ಗಿಟಾರನ್ನು ತಿರುಗಿಸಿ ಹಿಂಬದಿಯಲ್ಲಿ ದಮ್ಮಡಿಯಂತೆ ಬಡಿದ. ಅವನ ಸಂಗೀತ ಜೀವನದಲ್ಲಿ ಅದು ಒಳ್ಳೆಯ ಸಂಜೆಯೇ ಇರಬೇಕು. ಪದ ಮುಗಿದ ಮೇಲೆ ಜನ ಇನ್ನೊಂದು ಕೇಳಿದರು, ಅದಾದ ಮೇಲೆ ಮತ್ತೊಂದು. ಮ್ಯಾನೇಜರು ಮೆಚ್ಚಿ ಐಸು ಹಾಕಿದ ನಿಂಬೆ ಪಾನಕ ಕಳಿಸಿದ. ಭಾಗ್ಯ ಕೈ ಚಾಚುವ ಮೊದಲೇ ಸುವರ್ಣಮ್ಮ ಅದನ್ನು ಖಾಲಿ ಮಾಡಿದ್ದಳು.

ಕೋಣೆಗೆ ಬಂದ ಮೇಲೆ ನಾವು ಮೂವರೂ ಅವಳನ್ನು ನಿಲ್ಲಿಸಿ ಕೇಳಿದೆವು. ಉಳಿದಿದ್ದ ಚೂರುಪಾರು ದನಿಯಲ್ಲಿ ಅವಳು ಹೇಳಿದ್ದಿಷ್ಟು:

"ಸಾಲು ಅಂದು ಬಿಟ್ಟು ಕುಂತ್ಲಲ್ಲ ಆ ಹುಡುಗಿ. ಯಾರೂ ಎತ್ತಿಕೊಳ್ಳವಲ್ರು. ಹಂಗ ಬಿಡಾಕ ಬರ್ತದೇನು?"

ಬಾಗಿಲಲ್ಲಿ ನಿಂತ ನೆಂಟರನ್ನು ಒಳಗೆ ಕರೆಯದವರ ಬಗ್ಗೆ ಹೇಳುವ ಹಾಗೆ ಹೇಳಿದಳು. ಅದೇ ಅವಳ ಕೊನೆಯ ವಾಕ್ಯವಾಯಿತು. ಬೆಳಿಗ್ಗೆ ಏಳುವ ಹೊತ್ತಿಗೆ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಸೈಕಲ್ ಟ್ಯೂಬಿನಿಂದ ಬರುವಂಥ ಗಾಳಿ.

ಹಾಗಿದ್ದರೂ ಹಂಪಿಗೆ ಹೋದೆವು, ಯಾಕೆಂದರೆ ಕಾರ್ಯಕ್ರಮದಲ್ಲಿ ಹಂಪಿ ಇತ್ತು. ವಿರೂಪಾಕ್ಷನ ಗುಡಿಯ ಮುಂದಿನ ಕಲ್ಲುಮಂಟಪದಲ್ಲಿ ಭಾಗ್ಯ ಸುವರ್ಣಮ್ಮನ ಬಾಯಿ ತೆರೆಸಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದಳು. ಇಬ್ಬರು ಪ್ರವಾಸಿಗಳು ಅದೂ ಇಲ್ಲಿನ ಯಾವುದೋ ಆಚರಣೆ ಎಂದುಕೊಂಡು ದೂರದಲ್ಲಿ ನಿಂತರು.

"ಹಾಳಾಗಿದ್ದನ್ನ ನೋಡಾಕಂತನ ಬಂದೀವಲ್ಲ," ಎಂದಳು ಭಾಗ್ಯ. "ಇದನ್ನೂ ನೋಡ್ಕೊಂಡು ಹೋಗ್ರಿ."

ಅಲ್ಲೇ ಇನ್ನೊಂದು ಸುದ್ದಿಯೂ ಬಂತು. ಸೊಸೆ ಪೂಜಿತಾ ಶೈಲಶ್ರೀಗೆ ಫೋನ್ ಮಾಡಿ, ಅತ್ತೆಯ ಹಾಡಿನ ವಿಡಿಯೋ ಕಂಪ್ಲಿಯ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದೆ, ನಾಳೆ ಸಭಾಂಗಣಕ್ಕೆ ಊರೇ ಬರಲಿದೆ ಎಂದಳು. ಮುರುಗೇಶನೂ ನೋಡಿದ್ದಾನೆ. ಆದರೂ ಎಚ್ಚರಿಕೆಗೆ ಇರಲಿ ಎಂದು ಪೆಟ್ಟಿಗೆಯನ್ನು ತಂದು ಸಭಾಂಗಣದಲ್ಲಿಟ್ಟು ಕೆಂಪು ಬಟ್ಟೆ ಹೊದಿಸಿದ್ದಾನೆ. ಹೆಸರು ಬರೆದ ಭಾಗ ಮಾತ್ರ ಬಟ್ಟೆಯಿಂದ ಹೊರಗಿದೆ.

ಒಂದು ವಾರ ಮುಂದೂಡೋಣ ಎಂದು ಶೈಲಶ್ರೀ ಅಂದಳು. ಟಿಣ್ ಟಿಣ್. ಇದ್ದದ್ದನ್ನು ಇದ್ದ ಹಾಗೆ ಸಮಿತಿಗೆ ಹೇಳು, ಗಂಟಲು ಕೆಡುವುದು ಅಪರಾಧವಲ್ಲ ಎಂದು ನಾನು ಅಂದೆ. ಟಿಣ್ ಟಿಣ್. ಆಮೇಲೆ ಸುವರ್ಣಮ್ಮ ನನ್ನ ಕಿವಿಯ ಹತ್ತಿರ ಬಂದು ಗಾಳಿಯಲ್ಲಿಯೇ ಹೇಳಿದಳು: "ಒಂದ್ ಸರ್ತಿ ಆ ಡಬ್ಬಿ ಹಾಡಿತಂದ್ರ, ಮತ್ತ ಯಾರೂ ಅದನ್ನ ಬಂದ್ ಮಾಡಂಗಿಲ್ಲ." ಈ ವಿಷಯದಲ್ಲಿ ಅವಳ ತಿಳಿವಳಿಕೆ ಸರಿ ಎಂದು ನನಗೂ ಅನ್ನಿಸಿತು. ನಮ್ಮ ಊರುಗಳಲ್ಲಿ ಧ್ವನಿವರ್ಧಕ ಬಂದದ್ದುಂಟು, ಹೋದದ್ದಿಲ್ಲ.

ಕಂಪ್ಲಿಗೆ ಮುಟ್ಟಿದಾಗ ಚನ್ನಯ್ಯ ಬಾಗಿಲಿಗೆ ಬಂದು ಹೆಂಡತಿಯನ್ನು ವಿಚಾರಿಸಿದ. ಅವಳು ಬಾಯಾಡಿಸಿದಳು, ಅವನು ತಲೆಯಾಡಿಸಿದ. ದಿನವೂ ನಡೆಯುವ ಹಾಗೆಯೇ ನಡೆಯಿತು. ಅವಳ ದನಿ ಹೋಗಿರುವುದು ಅವನಿಗೆ ಗೊತ್ತಾಗಲು ಯಾವ ಕಾರಣವೂ ಇರಲಿಲ್ಲ.

ಸೋಮವಾರ ಸಂಜೆ ಸಭಾಂಗಣದಲ್ಲಿ ಚಾಪೆ ಸಾಲಲಿಲ್ಲ. ಗಂಡಸರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಹಂಪಮ್ಮ ಗೋಡೆಯ ಕುರ್ಚಿಯಲ್ಲಿ ವಿಭೂತಿ ಹಚ್ಚಿಕೊಂಡು ಪರೀಕ್ಷಕಿಯಂತೆ ಕೂತಿದ್ದಳು. ಮುರುಗೇಶ್ ಪೆಟ್ಟಿಗೆಯ ಪಕ್ಕದಲ್ಲಿ ಮೊಬೈಲು ಹಿಡಿದು ನಿಂತಿದ್ದ. ಸುವರ್ಣಮ್ಮ ಮಣೆಯ ಮೇಲೆ ಕುಳಿತಳು, ಹಾರ ಹಾಕಿದರು. ಅವಳ ಪಕ್ಕದಲ್ಲಿ ದಮ್ಮಡಿ ಬಾರಿಸುವ ತುಳಸಿ. ಹಾರ್ಮೋನಿಯಂ ಇಲ್ಲ. ಅದು ಇದೆ, ಆದರೆ ಅದರೊಳಗೆ ಇಲಿಯ ಸಂಸಾರವಿದೆ. ನಾವು ಮೂವರು ಬಾಗಿಲ ಹತ್ತಿರ ನಿಂತೆವು. ಅವಮಾನ ನೋಡಲು ಬಾಗಿಲ ಹತ್ತಿರದ ಜಾಗವೇ ಸರಿ, ಬೇಗ ಹೊರಡಬಹುದು.

ಅವಳು ತಾಳ ಕುಟ್ಟಿದಳು. ತುಳಸಿ ದಮ್ಮಡಿ ಹಿಡಿದಳು. ಸುವರ್ಣಮ್ಮ ಕಣ್ಣು ಮುಚ್ಚಿ, ಕತ್ತು ಎತ್ತಿ, ಬಾಯಿ ತೆರೆದಳು. ತುಟಿ ಆಡಿದವು, ಕೊರಳ ನರ ಎದ್ದಿತು, ಕೈ ಮೇಲೆ ಹೋಗಿ ಕೆಳಗೆ ಬಂತು. ಶಬ್ದ ಒಂದೂ ಬರಲಿಲ್ಲ. ಮುರುಗೇಶನ ಹೆಬ್ಬೆರಳು ಮೊಬೈಲಿನ ಮೇಲೆ ಇಳಿಯುತ್ತಿದ್ದುದನ್ನು ನಾನು ಕಂಡೆ.

ಅಷ್ಟರಲ್ಲಿ ಹಿಮ್ಮೇಳ ಎತ್ತಿಕೊಂಡಿತು.

ಅನುಮಾನವಿಲ್ಲದೆ, ತುಂಬು ಗಂಟಲಿನಲ್ಲಿ, ಅರವತ್ತು ಹೆಂಗಸರು ಯಾರೂ ಹೇಳದ ಸಾಲಿಗೆ ಉತ್ತರ ಕೊಟ್ಟರು. ಸುವರ್ಣಮ್ಮ ಕಣ್ಣು ತೆರೆದು ಅವರನ್ನು ನೋಡಿದಳು. ಮತ್ತೆ ತಾಳ, ಮತ್ತೆ ತೆರೆದ ಬಾಯಿ, ಮತ್ತೆ ಖಾಲಿ. ಮತ್ತೆ ಸಭಾಂಗಣ ತುಂಬುವ ಉತ್ತರ. ಪದಗಳ ಕ್ರಮ ಮೂವತ್ತು ವರ್ಷದಲ್ಲಿ ಬದಲಾಗಿಲ್ಲ, ಸಾಲುಗಳೂ ಬದಲಾಗಿಲ್ಲ. ಬಾಯಿ ತೆರೆದದ್ದು ಕಂಡರೆ, ಮುಚ್ಚಿದ್ದು ಕಂಡರೆ ಅವರಿಗೆ ಸಾಕಾಗಿತ್ತು. ಹಿಂದಿನ ಸಾಲಿನವರಿಗೆ ಮುಂದಿನವಳು ಹಾಡುತ್ತಿಲ್ಲ ಎಂಬುದೇ ತಿಳಿಯಲಿಲ್ಲ. ಹಿಂದಿನ ಸಾಲಿಗೆ ಯಾವತ್ತೂ ಏನೂ ಕೇಳಿಸಿರಲಿಲ್ಲ ಎಂದು ಕಾಣುತ್ತದೆ. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು, ವಿಡಿಯೋಕ್ಕಿಂತ ಇದೇ ಚೆನ್ನಾಗಿದೆ ಎಂದರು. ಮುರುಗೇಶ್ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅದರಲ್ಲಿ ತುಂಬಿಸಿದ ಹಾಡು ಯಾರಿಗೂ ಬೇಕಾಗಲಿಲ್ಲ.

ಮಂಗಳಾರತಿಯ ನಂತರ ಹಂಪಮ್ಮ ಕುರ್ಚಿಯಿಂದ ಎದ್ದು ಬಂದು ಸುವರ್ಣಮ್ಮನ ಗಲ್ಲ ಹಿಡಿದಳು.

"ಭಾಳ ಚೊಲೋ ಅಂದಿ, ಸುವರ್ಣಾ," ಎಂದಳು, ಸೀಟಿಯ ಸಮೇತ. "ಒಂದಕ್ಷರ ತಪ್ಪಲಿಲ್ಲ."

ಸುವರ್ಣಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮೊದಲ ಬೊಗಸೆ ಪ್ರಸಾದ ತೆಗೆದುಕೊಂಡಳು. ನಾನು ತುಳಸಿಯನ್ನು ಪಕ್ಕಕ್ಕೆ ಕರೆದು, ಅಷ್ಟು ಹತ್ತಿರ ಕುಳಿತ ನಿನಗೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಅವಳು ದಮ್ಮಡಿಯನ್ನು ಚೀಲಕ್ಕೆ ಹಾಕುತ್ತ, "ಗೊತ್ತಾತ್ರಿ ಮೇಡಂ. ಹಂಪಮ್ಮಾರು ಹಲ್ಲು ಕಟ್ಟಿಸಿದ ಮ್ಯಾಲೆ ಅವ್ರದರ ಯಾರಿಗೆ ತಿಳೀತಿತ್ತು? ಇವ್ರದು ಸೀಟಿ ಇಲ್ಲ, ಅದು ಚೊಲೋ," ಎಂದಳು.

ಮನೆಗೆ ನಡೆಯುವಾಗ ಸುವರ್ಣಮ್ಮ ಹಾರ ಕಳಚಿ ಕೈಗೆ ಸುತ್ತಿಕೊಂಡಿದ್ದಳು. ಗೆದ್ದವಳ ಮುಖವಲ್ಲ ಅದು. ಬೀದಿಯ ತಿರುವಿನಲ್ಲಿ ನನ್ನ ತೋಳು ಹಿಡಿದು, ಗಾಳಿಯ ದನಿಯಲ್ಲಿ ಕೇಳಿದಳು: "ಹಂಗಾದ್ರ ಇಷ್ಟು ದಿನ ಮುಂದ ಕುಂತಾಕಿ ಏನ್ ಮಾಡ್ತಿದ್ಲು?"

ನನ್ನ ಬಳಿ ಉತ್ತರವಿತ್ತು. ಕಾಲೇಜಿನ ಆಡಳಿತದಲ್ಲಿ ಬಹಳ ಕಾಲ ಇದ್ದವಳು ನಾನು. ಆದರೆ ಮೊದಲ ಸಲ ಹಾರ ಹಾಕಿಸಿಕೊಂಡ ದಿನ ಅದನ್ನು ಹೇಳುವುದು ಬೇಡವೆನಿಸಿ, ಬಾಯಿ ತೆರೀತಿದ್ಲು ಎಂದಷ್ಟೇ ಹೇಳಿದೆ.

ದನಿ ಮರಳಿ ಬರಲು ಶ್ರಾವಣ ಮುಗಿಯಬೇಕಾಯಿತು. ಬಂದ ಮೇಲೆ ಅವಳು ಗಿರಣಿಯಲ್ಲಿ ಯಂತ್ರ ನಿಲ್ಲಿಸಿ, ಒಬ್ಬಳೇ ನಿಂತು ಮೊದಲ ಸಾಲಿಗೆ ಪ್ರಯತ್ನ ಮಾಡಿದಳಂತೆ. ಬರಲಿಲ್ಲ. ಯಂತ್ರ ಹಾಕಿದರೆ ಬಂತು. ಇದನ್ನು ಅವಳು ಭಾಗ್ಯಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ನನಗೂ ಭಾಗ್ಯಳಿಂದಲೇ ತಿಳಿಯಿತು.

ಹೋದ ಸೋಮವಾರ ನಾನು ಕಂಪ್ಲಿಯಲ್ಲಿದ್ದೆ. ಮುರುಗೇಶನ ಪೆಟ್ಟಿಗೆಯ ಮೇಲೆ ಪ್ರಸಾದದ ಮಂಡಕ್ಕಿಯ ಬುಟ್ಟಿ ಇಟ್ಟಿದ್ದರು, ಅವನ ಹೆಸರಿನ ಮೊದಲರ್ಧ ಬುಟ್ಟಿಯಿಂದ ಇಳಿಬಿದ್ದ ಬಟ್ಟೆಯಡಿ ಮುಚ್ಚಿಹೋಗಿತ್ತು. ಸುವರ್ಣಮ್ಮ ಮಣೆಯ ಮೇಲೆ ಕುಳಿತು ತಾಳ ಕುಟ್ಟಿ, ಕಣ್ಣು ಮುಚ್ಚಿ, ಮೊದಲ ಸಾಲಿಗೆ ಬಾಯಿ ತೆರೆದಳು. ಎಂದಿನಂತೆ ಸದ್ದಿಲ್ಲ. ಬಾಯಿ ಮುಚ್ಚಿದಳು. ಹಿಮ್ಮೇಳ ಎದ್ದಿತು, ಅದರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಣೆಯ ಮೇಲಿನ ದನಿಯೇ ಕೇಳಿಸುತ್ತಿತ್ತು.